ದಂಪತಿಯ ಕೊಡುಗೆ

ಟೆಕ್ಸಾಸ್‌ನಲ್ಲಿ ಮೆಕ್ಕೆಜೋಳದ ರೊಟ್ಟಿ ಕಾರ್ಖಾನೆ ನಡೆಸುತ್ತಿದ್ದ ಮೆಕ್ಸಿಕೊ ಮೂಲದ ಎವರಿಸ್ತೊ, ಗ್ರಾಸಿಯೆಲಾ ದಂಪತಿ ಪ್ರತಿವರ್ಷ ಕಾರ್ಮಿಕರ ಮಕ್ಕಳಲ್ಲಿ ಒಬ್ಬರನ್ನು ಕಾಲೇಜಿಗೆ ಕಳಿಸುತ್ತಿದ್ದರು. ಈ ಸಲದ ವಿದ್ಯಾರ್ಥಿವೇತನ ಯೆಸೇನಿಯಾಳಿಗೆ ಸಿಕ್ಕಿತು. ಸಮಾರಂಭದಲ್ಲಿ ಅವಳ ಅಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ಕೆಮ್ಮು ತಡೆಯಲಾರದೆ ಹೊರಗೆ ಹೋದ.

ಯೆಸೇನಿಯಾ ಗ್ರಾಸಿಯೆಲಾಳ ಕೈ ಹಿಡಿದುಕೊಂಡಳು.

"ಮೇಡಂ, ನಿಮ್ಮ ಉಪಕಾರ ಮರೆಯಲ್ಲ. ಹಿಟ್ಟಿನ ಧೂಳಿಗೆ ಅಪ್ಪನ ಶ್ವಾಸಕೋಶ ಹಾಳಾಗಿದೆ. ಆಪರೇಷನ್ ಮಾಡಿಸ್ತೀವಿ ಅಂದಿದ್ರಲ್ಲ, ಯಾವಾಗ?"

"ಅದಿನ್ನು ಆಗಲ್ಲಮ್ಮ. ಒಂದು ಮನೆಗೆ ಒಂದೇ ಸಹಾಯ ಅಂತ ನಮ್ಮ ನಿಯಮ."

"ಹಾಗಾದ್ರೆ ಆಪರೇಷನ್ನೇ ಮಾಡಿಸಿ. ನನಗೆ ಕಾಲೇಜು ಬೇಡ."

ಗ್ರಾಸಿಯೆಲಾ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಹೋದ ವಾರ ನಿಮ್ಮಪ್ಪನೂ ಹೀಗೇ ಬಂದು, ಆಪರೇಷನ್ ಬೇಡ, ಮಗಳನ್ನ ಓದಿಸಿ ಅಂದ. ನೀನು ತಡಮಾಡಿದೆ."