ಒಂಬತ್ತನೆಯವರ ಕಾಫಿ

ನೆಬ್ರಾಸ್ಕದ ಹುಲ್ಲುಬಯಲಿನ ಲಿಂಡ್‌ವಿಲ್ ಊರಿನಲ್ಲಿ ಜನಸಂಖ್ಯೆಯ ಬೋರ್ಡು ತನ್ನ ಅಂಕಿಯನ್ನು ತಾನೇ ಬದಲಿಸಿಕೊಳ್ಳುತ್ತದೆ. ಮಗು ಹುಟ್ಟಿದರೆ ಒಂದು ಏರುತ್ತದೆ, ಯಾರಾದರೂ ಸಾಮಾನು ಹೇರಿಕೊಂಡು ಹೊರಟರೆ ಒಂದು ಇಳಿಯುತ್ತದೆ. ಊರಿಗೆ ರೈಲು ಬರುವುದು ನಿಂತ ಮೇಲೆ ಅಂಕಿ ಇಳಿದದ್ದೇ ಹೆಚ್ಚು, ಈಗ ಒಂಬತ್ತು. ಎದುರಿಗೇ ಹೋಟೆಲ್ ಇಟ್ಟಿರುವ ಆಸ್ಟ್ರಿಡ್ ಬೆಳಿಗ್ಗೆ ಬೋರ್ಡು ನೋಡಿ ಅಷ್ಟೇ ಕಪ್ ಕಾಫಿ ಬಗ್ಗಿಸುತ್ತಾಳೆ. ಅವಳಮ್ಮನ ಕಾಲದಿಂದಲೂ ಊರಿನ ಪದ್ಧತಿ ಅದು.

ಇವತ್ತು ಬೋರ್ಡಿನ ಬಳಿ ಕಾರೊಂದು ನಿಂತಿತು. ಮೂವತ್ತು ವರ್ಷದ ಹಿಂದೆ ಜಗಳವಾಡಿ ಊರು ಬಿಟ್ಟು ಹೋಗಿದ್ದ ಆಸ್ಟ್ರಿಡ್‌ಳ ತಂಗಿ ಸಿಗ್ನೆ ಇಳಿದಳು. ಚೀಲ ಹಿಡಿದು ಊರಿನೊಳಗೆ ಕಾಲಿಟ್ಟು, ತಿರುಗಿ ಬೋರ್ಡು ನೋಡುತ್ತಾ ನಿಂತಳು. ಒಂಬತ್ತು ಒಂಬತ್ತಾಗಿಯೇ ಇತ್ತು.

ಆಸ್ಟ್ರಿಡ್ ಓಡಿ ಬಂದಳು.

"ಇಲ್ಲೇ ಇರೋಣ ಅಂತ ಬಂದೆ, ಆಸ್ಟ್ರಿಡ್," ಸಿಗ್ನೆ ಬೋರ್ಡಿನತ್ತ ಕೈ ತೋರಿಸಿದಳು. "ಇದು ನನ್ನನ್ನ ಸೇರಿಸಿಕೊಳ್ತಾನೇ ಇಲ್ಲ."

ಆಸ್ಟ್ರಿಡ್ ಬೋರ್ಡನ್ನು ನೋಡಿದಳು, ತಂಗಿಯನ್ನು ನೋಡಿದಳು.

"ಊರಲ್ಲಿರೋದು ಎಂಟೇ ಜನ ಕಣೇ. ಮಿಕ್ಕ ಒಬ್ಬರು ಯಾರು ಅಂತ ಗೊತ್ತಾಗದೆ ಇಷ್ಟು ವರ್ಷ ದಿನಾ ಒಂದು ಕಪ್ ಕಾಫಿ ಚೆಲ್ತಾ ಇದ್ದೀನಿ."

ಅವಳು ತಂಗಿಯ ಕೈಯಿಂದ ಚೀಲ ತೆಗೆದುಕೊಂಡಳು.

"ನಡಿ, ಇವತ್ತಿಂದು ಇನ್ನೂ ಬಿಸಿಯಾಗಿದೆ."