ಕೆಂಪು ದೀಪದ ಬಸುರಿ

ಇಲಕಲ್ಲಿನ ಕೊನೆಯ ಪೆಟ್ರೋಲ್ ಬಂಕಿನ ಹತ್ತಿರ ಕಾರು ನಿಲ್ಲಿಸಿ, ಹೆಂಡತಿಯ ಹೊಟ್ಟೆಗೆ ಜಾಗ ಸಾಲದೆಂದು ಅವಳ ಸೀಟನ್ನು ಹಿಂದಕ್ಕೆ ಜಗ್ಗಿ ಸರಿಸಿ, ರಾಜೇಶ ದವಾಖಾನೆಯ ದಾರಿ ಹಿಡಿದು ಮತ್ತೆ ಹೊರಟ. ಸ್ಟೇರಿಂಗಿನ ಹಿಂದೆ ಕೆಂಪು ದೀಪವೊಂದು ಹತ್ತಿತು. ಹತ್ತಿದ್ದು ಆರಲಿಲ್ಲ. ಪಕ್ಕದಲ್ಲಿ ಕೂತಿದ್ದ ಮಹಾನಂದಾಗೆ ಏಳು ತಿಂಗಳು. ಹೋದ ಸಲ ಇದೇ ಏಳನೆಯ ತಿಂಗಳಲ್ಲಿ ಕೂಸು ದಕ್ಕಿರಲಿಲ್ಲ. ಬಾಗಲಕೋಟೆಯ ದವಾಖಾನೆಗೆ ಬಸ್ಸಿನಲ್ಲಿ ಕುಲುಕಾಡಿಸಿಕೊಂಡು ಕರೆದೊಯ್ದದ್ದೇ ಕಾರಣವೆಂದು ಯಾವ ಡಾಕ್ಟರೂ ಹೇಳಿರಲಿಲ್ಲ; ಆದರೂ ರಾಜೇಶನ ತಲೆಯೊಳಗೆ ಅದು ಹೊಕ್ಕು ಕೂತಿತ್ತು. ಅದಕ್ಕೇ ಈ ಸೆಕೆಂಡ್ ಹ್ಯಾಂಡ್ ಕಾರು. ಹಳೆಯದಾದರೂ ಚಿಂತೆಯಿಲ್ಲ, ಏರ್‌ಬ್ಯಾಗ್ ಇರಲೇಬೇಕೆಂದು ಹಟ ಹಿಡಿದು ಕೊಂಡಿದ್ದ. ಈಗ ಕೆಟ್ಟದ್ದೂ ಅದೇ.

ಹಿಂದಿನ ಸೀಟಿನಿಂದ ಅವನ ತಾಯಿ ಶಿವಲಿಂಗವ್ವ ಕತ್ತು ಚಾಚಿ ನೋಡಿದಳು. ದೀಪದಲ್ಲಿ ಕೂತ ಮನುಷ್ಯನ ಚಿತ್ರ, ಅದರ ಮುಂದೆ ದುಂಡನೆಯದೊಂದು ಗುಂಡು.

“ಅಯ್ಯ ಶಿವನ! ಬಸುರಿ ಹೆಂಗಸು ಕುಂತಾಂಗ ಐತಲ್ಲೋ! ಗಾಡಿಗೂ ಗೊತ್ತಾಗೇತಿ ನೋಡ.”

“ಅದು ಬಸುರಿ ಅಲ್ಲಬೇ, ಏರ್‌ಬ್ಯಾಗ್. ಗಾಡಿ ಎಲ್ಲೆರೆ ಬಡದ್ರ ಮುಂದ ಕುಂತವರಿಗೆ ಪೆಟ್ಟ ಹತ್ತಬಾರದಂತ ಚೀಲ ಉಬ್ಬತೈತಿ. ಈ ದೀಪ ಹತ್ತೇತಂದ್ರ ಅದು ಉಬ್ಬೂದಿಲ್ಲ.”

ಮುದುಕಿ ಕೇಳಬೇಕಲ್ಲ! ಎರಡೂ ಕೈಯಿಂದ ದೀಪಕ್ಕೆ ನಿವಾಳಿಸಿ, ಕಿವಿಯ ಮೇಲೆ ನೆಟಿಕೆ ಮುರಿದುಕೊಂಡು ಸಮಾಧಾನದಿಂದ ಹಿಂದಕ್ಕೆ ಒರಗಿದಳು. ರಾಜೇಶ ಮಾತ್ರ ಎದುರು ಬಂದ ಎತ್ತಿನ ಬಂಡಿಗೂ ದಾರಿ ಬಿಡುತ್ತ, ಹುನಗುಂದದ ಶಾಬುದ್ದೀನನ ಗ್ಯಾರೇಜಿನವರೆಗೆ ಜೀವ ಕೈಯಲ್ಲಿ ಹಿಡಿದು ಬಂದ. ಇಳಿದವನೇ ಕಾರು ಮಾರಿದ ಬಾಗಲಕೋಟೆಯ ಮಹಾಂತೇಶನಿಗೆ ಫೋನು ಹಚ್ಚಿದ.

“ಒಡದ ಏರ್‌ಬ್ಯಾಗ್ ಬಿಚ್ಚಿ ಒಗದು ಖಾಲಿ ಗಾಡಿ ನನ್ನ ಕೊರಳಿಗೆ ಕಟ್ಟೀಯಲ್ಲಲೇ! ನಿನ್ನ ತಂಗಿ ಬಸುರಿ ಇದ್ದಿದ್ರ ಇದರಾಗ ಕುಂಡ್ರಸ್ತಿದ್ಯೇನು?” ಆ ಕಡೆಯವನು ಬಾಯಿ ತೆರೆಯುವ ಮೊದಲೇ ಫೋನಿಟ್ಟ.

ಶಾಬುದ್ದೀನ ಕಾರಿಗೆ ಒಂದು ಮಶೀನು ಜೋಡಿಸಿ ನೋಡಿದ. “ಅಕ್ಕಾರು ಕುಂತಿದ್ದ ಸೀಟಿನ ಕಡೆ ತೋರಸಾಕತ್ತೈತ್ರಿ” ಎಂದವನು ಆ ಸೀಟಿನ ಕೆಳಗೆ ತಲೆ ತೂರಿಸಿ, ಟಾರ್ಚು ಹಿಡಿದು, ಕೈಯಾಡಿಸಿದ. ಆಮೇಲೆ ನಿಧಾನಕ್ಕೆ ಏನನ್ನೋ ಹೊರಗೆಳೆದ. ಹಳೆಯ ಸೀರೆಯ ಸೆರಗಿನ ತುಂಡು, ಅದರೊಳಗಿಂದ ಜಾರಿ ಬಾಯಿ ತೆರೆದುಕೊಂಡಿದ್ದ ಕಬ್ಬಿಣದ ಅಡಕೊತ್ತು.

“ಇದು ವಯರ್ ಕಚಗೊಂಡು ಕುಂತಿತ್ತರಿ. ಸೀಟ್ ಹಿಂದಕ ಜಗ್ಗೀರಿ, ಜೋಡಣಿ ಕಳಚೇತಿ. ಅಷ್ಟ. ಚೀಲಕ್ಕ ಏನೂ ಆಗಿಲ್ಲ.”

ರಾಜೇಶನಿಗೆ ಸಿಟ್ಟು ನೆತ್ತಿಗೇರಿತು. “ಯಾರು ಇಟ್ಟಾರ ಇದನ್ನ ಇಲ್ಲಿ?”

ಕೇಳುವ ಅಗತ್ಯವೇ ಇರಲಿಲ್ಲ. ಮನೆಯಲ್ಲಿ ಅಡಿಕೆ ಕತ್ತರಿಸುವವಳು ಒಬ್ಬಳೇ. ಬಸುರಿಯ ಹತ್ತಿರ ಕಬ್ಬಿಣವಿದ್ದರೆ ಗಾಳಿ ಸೋಕುವುದಿಲ್ಲವೆಂದು ಹಾಸಿಗೆಯ ಕೆಳಗೂ ಏನಾದರೊಂದು ತುರುಕುವವಳು ಅವಳೇ. ಶಿವಲಿಂಗವ್ವ ಗ್ಯಾರೇಜಿನ ಬಾಗಿಲಿಗೆ ಒರಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು.

“ಬುದ್ಧಿ ಐತಿಲ್ಲಬೇ ನಿನಗ? ಜೀವ ಉಳಸೂ ಚೀಲಾನ ಬಂದ್ ಮಾಡಿ ಇಟ್ಟೀಯಲ್ಲ!”

“ಹೋದ ಸಲ ಏನೂ ಇಟ್ಟಿದ್ದಿಲ್ಲೋ” ಎಂದಳು ಶಿವಲಿಂಗವ್ವ. “ಬಸ್ಸಿನ್ಯಾಗ ಮಂದಿ ನಗತಾರಂತ ಮನಿಯಾಗ ಬಿಟ್ಟು ಹೋಗಿದ್ದೆ.”

ರಾಜೇಶ ಹೋದ ಸಲದ್ದನ್ನು ತಾನೊಬ್ಬನೇ ಹೊತ್ತು ತಿರುಗುತ್ತಿದ್ದೇನೆ ಎಂದುಕೊಂಡಿದ್ದ. ಒಂದೇ ಮನೆಯಲ್ಲಿ, ಒಂದೇ ತಾಟಿನ ಎದುರು ಬದುರು ಕೂತು, ತಾಯಿಯೂ ಅದನ್ನೇ ಹೊತ್ತಿದ್ದಳು. ಇಬ್ಬರೂ ತುಟಿ ಪಿಟಕ್ಕೆಂದಿರಲಿಲ್ಲ. ಇವತ್ತು ಅವಳು ಅಡಕೊತ್ತು ಇಟ್ಟಳು, ಅವನು ಸೀಟು ಜಗ್ಗಿದ. ಮಹಾಂತೇಶನಿಗೆ ಕೊಟ್ಟ ಬೈಗುಳವೆಲ್ಲ ತಿರುಗಿ ತನಗೇ ಬಂದಂತಾಗಿ ತಲೆ ತಗ್ಗಿಸಿದ. ಮಹಾನಂದಾ ಗ್ಯಾರೇಜಿನವರು ಹಾಕಿಕೊಟ್ಟಿದ್ದ ಕುರ್ಚಿಯಿಂದ ಮೆಲ್ಲನೆ ಎದ್ದು ಬಂದು ಅಡಕೊತ್ತನ್ನು ಸೆರಗಿನ ತುಂಡಿನಲ್ಲಿ ಮತ್ತೆ ಸುತ್ತಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು.

“ಇಲ್ಲಿದ್ರ ಯಾವ ವಯರಿಗೂ ತ್ರಾಸ ಇಲ್ಲ. ಲಗೂ ಮುಗಸ್ರಿ ಇನ್ನ, ಡಾಕ್ಟರ್ ಹೋಗಿಬಿಡ್ತಾರ.”

ಶಾಬುದ್ದೀನ ವಯರ್ ಜೋಡಿಸಿ, ಮಶೀನಿನಲ್ಲಿ ಎಲ್ಲ ಸರಿಪಡಿಸಿ, “ಹಚ್ಚಿ ನೋಡ್ರಿ” ಎಂದ. ಎಲ್ಲರೂ ಹತ್ತಿ ಕೂತ ಮೇಲೆ ರಾಜೇಶ ಕೀಲಿ ತಿರುಗಿಸಿದ. ಕೆಂಪು ದೀಪ ಒಂದು ಗಳಿಗೆ ಹತ್ತಿ ಆರಿಹೋಯಿತು.

“ಆಕಿ ಎಲ್ಲಿ ಹೋದ್ಲೋ?” ಶಿವಲಿಂಗವ್ವ ಹಿಂದಿನಿಂದ ಚೀರಿದಳು. “ಆ ಬಸುರಿ! ಈಗ ಇದ್ಲಲ್ಲೋ!” ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

ಅದು ಬಸುರಿ ಅಲ್ಲ ಎಂದು ರಾಜೇಶ ಒಮ್ಮೆ ಹೇಳಿ ನೋಡಿದ್ದ. ಈಗ ಮತ್ತೆ ಅದನ್ನೇ ಹೇಳುವ ಬದಲು ಹೆಂಡತಿಯ ಕಡೆ ನೋಡಿದ. ಮಹಾನಂದಾ ಅತ್ತೆಯ ಕಡೆ ತಿರುಗಿದಳು.

“ಹಡದು, ಕೂಸಿನ್ನ ಎತಗೊಂಡು ಮನಿಗೆ ಹೋದ್ಲರಿ ಅತ್ತಿ. ಹೆರಿಗಿ ಆದಮ್ಯಾಲೆ ಇಲ್ಲೇನ ಕೆಲಸ ಆಕಿದು?”

ಶಿವಲಿಂಗವ್ವ ಸೊಸೆಯ ಮುಖ ನೋಡಿದಳು, ಆರಿದ ದೀಪದ ಜಾಗ ನೋಡಿದಳು. ಸೊಸೆ ತನ್ನನ್ನು ರಮಿಸುತ್ತಿದ್ದಾಳೆಂದು ತಿಳಿಯದಷ್ಟು ದಡ್ಡಿಯೇನಲ್ಲ ಅವಳು. ಆದರೂ ಕೇಳಿದಳು: “ಸುಸೂತ್ರ ಆತೇನವಾ?”

ರಾಜೇಶ ಗಾಡಿ ಬಂದ್ ಮಾಡಿ ಮತ್ತೆ ಕೀಲಿ ತಿರುಗಿಸಿದ. ಕೆಂಪು ಬಸುರಿ ಬಂದಳು, ತುಸು ಹೊತ್ತು ಕೂತಳು, ಸದ್ದಿಲ್ಲದೆ ಎದ್ದು ಹೋದಳು. ಮುದುಕಿ ಹಿಡಿದಿದ್ದ ಉಸಿರು ಬಿಟ್ಟು ಕೈಮುಗಿದಳು.

“ಇನ್ನೊಮ್ಮೆ ಹಚ್ಚೋ, ನನ್ನಪ್ಪ” ಎಂದಳು.