ಸಪ್ಪಳ ಬರಬಾರದು

"ಜಿಗಿಯೋದು ಆಮ್ಯಾಲೆ, ಮೊದಲ ಇಳಿಯೋದು ಕಲಿಯವ್ವಾ. ಸಪ್ಪಳ ಬಂತಂದ್ರ ಮೊಣಕಾಲಿಗೆ ಕೇಡು" ಎಂದು ಮುದಿ ಕೋಚ್ ಎಂದಿನಂತೆ ಕಣ್ಣು ಮುಚ್ಚಿ ಕುಳಿತರು. ಇಳಿತವನ್ನು ಅವರು ಅಳೆಯುತ್ತಿದ್ದುದು ಕಿವಿಯಿಂದಲೇ. ಊರಿಗೆಲ್ಲ ಗೊತ್ತಿದ್ದ ಮಾತು ಅದು.

ಅವತ್ತೇ ಮೈದಾನಕ್ಕೆ ಬಂದಿದ್ದ ಶೈಲಾ ಮರದ ಪೆಟ್ಟಿಗೆಯಿಂದ ಧೊಪ್ಪನೆ ಇಳಿದಳು. ಬೈಗುಳಕ್ಕೆ ಕಾದಳು.

"ಭೇಷ್! ಮ್ಯಾಲೆ ಇನ್ನೊಂದು ಪೆಟ್ಟಿಗಿ ಇಟ್ಕೋ."

ಈ ಸಲ ಇಳಿದಾಗ ಹಿಮ್ಮಡಿಯಿಂದ ನೆತ್ತಿಯವರೆಗೂ ಮೈ ಅದುರಿತು. "ಸರ್, ಜೋರಾಗೇ ಸಪ್ಪಳ ಆತಲ್ರೀ?"

ಅವರು ಕಣ್ಣು ತೆರೆಯಲಿಲ್ಲ. "ಭೇಷ್! ಇನ್ನೊಂದು."

ಮೂರನೆಯದರಿಂದ ಇಳಿದಾಗ ಮೊಣಕಾಲು ಲಟಕ್ಕೆಂದಿತು. ಅವಳು ಕಿರುಚಿದ್ದಕ್ಕೆ ರಸ್ತೆಯಲ್ಲಿದ್ದವರು ಬೇಲಿ ಹಾರಿ ಓಡಿಬಂದರು.

ಮುಚ್ಚಿದ ಕಣ್ಣಲ್ಲೇ ಕೋಚ್ ತಲೆದೂಗಿದರು: "ಭೇಷ್ ಮಗಳ! ಸಪ್ಪಳನ ಬರಲಿಲ್ಲ ನೋಡು. ಇನ್ನೊಂದು ಇಡು."